ಹಳೆ ಕಾರಿನ ಜಾತಕ

1961ರ ಮಾರ್ಚ್ 15. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಪತ್ರಕರ್ತರು ಕಾದಿದ್ದರು. ಇಂಗ್ಲೆಂಡಿನ ಕವೆಂಟ್ರಿಯಿಂದ ರಾತ್ರಿಯಿಡೀ ಓಡಿಬಂದ ಬೂದು ಬಣ್ಣದ ಕಾರೊಂದು ಕೊನೆ ಗಳಿಗೆಯಲ್ಲಿ ಅಲ್ಲಿಗೆ ತಲುಪಿತು. ಅದರ ನೋಂದಣಿ ಸಂಖ್ಯೆ 9600 ಎಚ್‌ಪಿ. ಓಡಿಸಿಕೊಂಡು ಬಂದವರು ಜಾಗ್ವಾರ್ ಕಂಪನಿಯ ಬಾಬ್ ಬೆರಿ. ಅಂದು ಜನರೆದುರು ನಿಂತ ಆ ಇ-ಟೈಪ್ ಕಾರು ಕೆಲವೇ ದಿನಗಳಲ್ಲಿ ಲೋಕವಿಖ್ಯಾತವಾಯಿತು. 1974ರವರೆಗೆ ಅಂಥ 72 ಸಾವಿರಕ್ಕೂ ಹೆಚ್ಚು ಕಾರುಗಳು ತಯಾರಾದವು.

ಅವುಗಳಲ್ಲೊಂದು ಇಂದು ಇಂಗ್ಲೆಂಡಿನ ಯಾವುದೋ ಹಳೆಯ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ಸಿಕ್ಕಿತೆನ್ನಿ. ಕಾರ್ಖಾನೆಯ ಬಾಗಿಲು ದಾಟಿದ ದಿನ ಹೇಗಿತ್ತೋ ಹಾಗೆಯೇ ಅದನ್ನು ಮಾಡಬೇಕೆಂದು ಕೊಂಡವರ ಆಸೆ. ಕೈಯಲ್ಲಿ ಹಣವಿದೆ, ನುರಿತ ಮೆಕ್ಯಾನಿಕ್ ಇದ್ದಾನೆ, ಬಿಡಿಭಾಗಗಳೂ ಸಿಗುತ್ತವೆ. ತೊಡಕು ಒಂದೇ: ಆ ದಿನ ಅದು ಹೇಗಿತ್ತೆಂದು ಹೇಳುವವರು ಯಾರು?

ಇ-ಟೈಪ್ ಎಂಬ ಹೆಸರು ಒಂದೇ ಆದರೂ ಕಾರುಗಳೆಲ್ಲ ಒಂದೇ ಅಲ್ಲ. ಮೊದಲ ಸುಮಾರು 500 ಕಾರುಗಳಲ್ಲಿ ಬಾನೆಟ್ಟಿನ ಬೀಗ ಹೊರಗಡೆ ಇತ್ತು. ‘ಟಿ’ ಆಕಾರದ ಕೀಲಿಯಿಂದ ಅದನ್ನು ತೆರೆಯಬೇಕಿತ್ತು. ಆಮೇಲೆ ಬೀಗ ಕಾರಿನೊಳಕ್ಕೆ ಹೋಯಿತು. ಮೊದಮೊದಲ ಕಾರುಗಳ ನೆಲ ಸಪಾಟಾಗಿತ್ತು. ಉದ್ದ ಕಾಲಿನವರಿಗೆ ಇಕ್ಕಟ್ಟು. 1962ರ ಆರಂಭದಲ್ಲಿ ಪಾದದ ಜಾಗವನ್ನು ತಗ್ಗಿಸಿದರು. 1964ರ ಅಕ್ಟೋಬರಿನಲ್ಲಿ 3.8 ಲೀಟರ್ ಎಂಜಿನ್ನಿನ ಬದಲು 4.2 ಲೀಟರಿನದು ಬಂತು. ಅದರ ಜತೆಗೆ ಡೈನಮೊ ಹೋಗಿ ಆಲ್ಟರ್ನೇಟರ್ ಬಂತು. ಬ್ಯಾಟರಿಯ ಧನ ತುದಿಯ ಬದಲು ಋಣ ತುದಿಯನ್ನು ಕಾರಿನ ಲೋಹದ ಮೈಗೆ ಜೋಡಿಸತೊಡಗಿದರು. ಹೀಗಿರುವಾಗ 1961ರ ಕಾರಿಗೆ 1965ರ ಭಾಗ ಕೂಡಿಸಿ ‘ಅಸಲಿ’ ಎನ್ನುವುದು, ಹೊಯ್ಸಳ ಗುಡಿಗೆ ವಿಜಯನಗರದ ಗೋಪುರ ಕಟ್ಟಿ ಎಲ್ಲವೂ ಹೊಯ್ಸಳರದೇ ಎಂದಂತೆ.

ಆದ್ದರಿಂದ ಮೊದಲು ನೋಡಬೇಕಾದದ್ದು ಕಾರಿನ ಜಾತಕ. ಚಾಸಿಸ್, ಎಂಜಿನ್, ಗೇರ್‌ಬಾಕ್ಸ್, ಬಾಡಿ - ಈ ನಾಲ್ಕಕ್ಕೂ ಬೇರೆ ಬೇರೆ ಸಂಖ್ಯೆಗಳಿದ್ದವು. ಕಾರ್ಖಾನೆಯ ಹಳೆಯ ದಾಖಲೆಗಳನ್ನು ಕಾಪಾಡಿಕೊಂಡಿರುವ ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್, ಅವುಗಳ ಆಧಾರದ ಮೇಲೆ ಪ್ರಮಾಣಪತ್ರ ಕೊಡುತ್ತ ಬಂದಿದೆ. ಸಂಖ್ಯೆಗಳ ಜತೆಗೆ ತಯಾರಾದ ದಿನ, ಹೊರಬಿದ್ದ ದಿನ, ಮೊದಲ ಬಣ್ಣ, ಸೀಟಿನ ಚರ್ಮದ ಬಣ್ಣ, ಯಾವ ವಿತರಕರಿಗೆ ಹೋಯಿತು ಎಂಬುದೂ ಅದರಲ್ಲಿರುತ್ತದೆ. ಎಂಜಿನ್ ಸಂಖ್ಯೆಯ ಕೊನೆಗೆ 8 ಅಥವಾ 9 ಎಂಬ ಬಾಲವಿದ್ದರೆ ಅದಕ್ಕೂ ಅರ್ಥವಿದೆ. ಸಿಲಿಂಡರಿನೊಳಗೆ ಪೆಟ್ರೋಲ್-ಗಾಳಿಯ ಮಿಶ್ರಣವನ್ನು ಎಂಟನೇ ಒಂದು ಭಾಗಕ್ಕೆ ಒತ್ತಲಾಗುತ್ತದೋ, ಒಂಬತ್ತನೇ ಒಂದಕ್ಕೋ ಎಂಬುದನ್ನು ಅದು ಹೇಳುತ್ತದೆ.

ಆದರೆ ಯಾವ ಬೋಲ್ಟಿಗೆ ಯಾವ ಲೇಪವಿತ್ತು, ತಂತಿಗಳ ಕಟ್ಟು ಯಾವ ದಾರಿಯಲ್ಲಿ ಸಾಗಿತ್ತು ಎಂಬುದು ಪ್ರಮಾಣಪತ್ರದಲ್ಲಿರದು. ಅದಕ್ಕೆ ಕಾರನ್ನೇ ಕೇಳಬೇಕು. ಲ್ಯೂಕಸ್ ಕಂಪನಿಯ ಡೈನಮೊ, ಸ್ಟಾರ್ಟರ್, ಡಿಸ್ಟ್ರಿಬ್ಯೂಟರ್‌ಗಳ ಮೇಲೆ ತಯಾರಿಕೆಯ ಕಾಲವನ್ನು ಅಂಕಿಗಳಲ್ಲಿ ಅಚ್ಚೊತ್ತುತ್ತಿದ್ದರು. ಟ್ರಿಪ್ಲೆಕ್ಸ್ ಗಾಜಿನ ಮುದ್ರೆಯಲ್ಲಿರುವ ಚಿಕ್ಕ ಚುಕ್ಕೆಗಳಲ್ಲೂ ತಾರೀಖಿನ ಸುಳಿವಿದೆ. ಇಲ್ಲಿ ತರ್ಕ ಸರಳ. ಭಾಗ ಹುಟ್ಟಿದ್ದು ಕಾರಿಗಿಂತ ಕೆಲ ವಾರ ಅಥವಾ ತಿಂಗಳು ಮೊದಲಾದರೆ ಅದು ಕಾರಿನೊಂದಿಗೇ ಬಂದಿರುವ ಸಂಭವ ಹೆಚ್ಚು. ಕಾರಿಗಿಂತ ಕಿರಿಯದಾದರೆ ಆಮೇಲೆ ಹಾಕಿದ್ದೇ ಸರಿ.

ಬಣ್ಣಕ್ಕೂ ಇಂಥ ಸಾಕ್ಷಿಯುಂಟು. ಹೊರಮೈಗೆ ಎಷ್ಟು ಸಲ ಬಣ್ಣ ಬಳಿದಿದ್ದರೂ, ಡ್ಯಾಶ್‌ಬೋರ್ಡಿನ ಹಿಂಬದಿ, ಬಾಗಿಲಿನ ಒಳ ಹಲಗೆಯ ಮರೆ ಮುಂತಾದ ಕಡೆ ಮೊದಲ ಬಣ್ಣ ಉಳಿದಿರಬಹುದು. ನೀರು ಹಚ್ಚಿ ನಯವಾದ ಉಪ್ಪುಕಾಗದದಿಂದ ಒಂದು ಚಿಕ್ಕ ಜಾಗವನ್ನು ಓರೆಯಾಗಿ ಉಜ್ಜಿದರೆ ಪದರಗಳು ಒಂದರೊಳಗೊಂದು ಬಳೆಗಳಂತೆ ಕಾಣುತ್ತವೆ. ಮರದ ದಿಮ್ಮಿಯ ಉಂಗುರ ಎಣಿಸಿದಂತೆ ಕಾರಿನ ಬಣ್ಣಗಳನ್ನೂ ಎಣಿಸಬಹುದು.

ಇಷ್ಟೆಲ್ಲ ಏಕೆ? ಕಾರಣ ಹಣ. ಸಂಖ್ಯೆಗಳೆಲ್ಲ ದಾಖಲೆಗೆ ಹೊಂದುವ ಕಾರಿಗೆ ಬೆಲೆ ಬಹಳ ಹೆಚ್ಚು. ಬೆಲೆ ಇರುವಲ್ಲಿ ಕಳ್ಳತನವೂ ಇರುತ್ತದೆ. ಹಳೆಯ ಸಂಖ್ಯೆಯನ್ನು ಅರದಿಂದ ಉಜ್ಜಿ ಬೇಕಾದ ಸಂಖ್ಯೆಯನ್ನು ಹೊಡೆಯುವವರಿದ್ದಾರೆ. ಉಕ್ಕಿನ ಮೇಲೆ ಅಚ್ಚು ಹೊಡೆದಾಗ ಮೇಲ್ಮೈ ಮಾತ್ರ ತಗ್ಗುವುದಿಲ್ಲ. ಅದರ ಕೆಳಗಿನ ಹರಳುಗಳೂ ನಲುಗುತ್ತವೆ. ಉಜ್ಜಿದರೆ ಅಂಕಿ ಹೋಗುತ್ತದೆ, ನಲುಗಿದ ಪದರ ಉಳಿಯುತ್ತದೆ. ತಾಮ್ರದ ಕ್ಲೋರೈಡ್ ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲವನ್ನು ಸವರಿದರೆ ಅದು ನಲುಗಿದ ಲೋಹವನ್ನೂ ಸುತ್ತಲಿನ ಲೋಹವನ್ನೂ ಬೇರೆ ಬೇರೆ ವೇಗದಲ್ಲಿ ತಿನ್ನುತ್ತದೆ. ಅಳಿಸಿದ ಅಂಕಿ ನೆರಳಿನಂತೆ ಮೇಲೇಳುತ್ತದೆ. ಕದ್ದ ವಾಹನಗಳ ಪತ್ತೆಗೆ ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿ ಬಳಸುವ ವಿಧಾನವಿದು. ತೀರ ಆಳಕ್ಕೆ ಉಜ್ಜಿದ್ದರೆ ಮಾತ್ರ ಫಲಿಸದು. ಹಾಗೆಂದು ಎಂಜಿನ್ ಬದಲಾದ ಕಾರೆಲ್ಲ ಕಳ್ಳಮಾಲಲ್ಲ. ಎಂಜಿನ್ ಕೆಟ್ಟು, ನ್ಯಾಯವಾಗಿಯೇ ಬೇರೆಯದನ್ನು ಕೂರಿಸಿದ ಉದಾಹರಣೆಗಳು ಎಷ್ಟೋ.

ಕಳ್ಳರಿಗಿಂತ ಹೆಚ್ಚು ಹಾನಿ ಮಾಡುವವರು ಬಹುಶಃ ಪ್ರೀತಿಯಿಂದ ದುರಸ್ತಿ ಮಾಡುವವರೇ. ಬಂದ ಕೂಡಲೇ ಕಾರನ್ನು ಬಿಚ್ಚಿ, ಮರಳು ಚಿಮ್ಮಿಸಿ, ಹೊಳೆಯುವಂತೆ ಉಜ್ಜಿಬಿಡುತ್ತಾರೆ. ಕಾರ್ಮಿಕ ಸೀಮೆಸುಣ್ಣದಲ್ಲಿ ಬರೆದ ಗುರುತು, ಅವಸರದಲ್ಲಿ ಸಿಡಿದ ಬಣ್ಣ, ಬೋಲ್ಟಿನ ತಲೆಯ ಮೇಲಿನ ತಯಾರಕರ ಚಿಹ್ನೆ ಎಲ್ಲ ಒಮ್ಮೆಗೇ ಮಾಯ. ಶಾಸನದ ಕಲ್ಲಿಗೆ ಎಣ್ಣೆಬಣ್ಣ ಬಳಿದಂತಾಯಿತು. ಕಾರು ಮೊದಲಿಗಿಂತ ಚೆನ್ನಾಗಿ ಕಾಣಬಹುದು. ಆದರೆ ಕಾರ್ಖಾನೆ ಮಾಡಿದ್ದು ಹಾಗಲ್ಲ. ಕೆಲವೆಡೆ ಹಳೆಯ ಮಾದರಿಗೆ ಮರಳದಿರುವುದೇ ವಿವೇಕ. ಆಗಿನ ಬೋಲ್ಟುಗಳಿಗಿದ್ದ ಕ್ಯಾಡ್ಮಿಯಂ ಲೇಪ ವಿಷಕಾರಿ. ಇಂದು ಸತುವಿನ ಲೇಪ ಸಾಕೆನ್ನುವವರು ಹೆಚ್ಚು. ಹಾಗೆ ಬದಲಿಸಿದ್ದನ್ನು ಬರೆದಿಟ್ಟರಾಯಿತು.

ಕೊನೆಗೂ ಅಸಲಿ ಎಂದರೆ ಯಾವುದು? ಈ ಪ್ರಶ್ನೆ ಇಂಗ್ಲೆಂಡಿನ ನ್ಯಾಯಾಲಯದ ಮೆಟ್ಟಿಲನ್ನೂ ಏರಿತ್ತು. 1929 ಮತ್ತು 1930ರಲ್ಲಿ ಫ್ರಾನ್ಸಿನ ಲ ಮಾನ್ ಓಟ ಗೆದ್ದ ಬೆಂಟ್ಲಿ ಕಾರು ‘ಓಲ್ಡ್ ನಂಬರ್ ಒನ್’. 1932ರಲ್ಲಿ ಅಪಘಾತಕ್ಕೀಡಾಗಿ ಅದು ಹೊಸ ಮೈ ಪಡೆದಿತ್ತು. ಮುಂದೆ ಒಂದು ಕೋಟಿ ಪೌಂಡಿಗೆ ವ್ಯಾಪಾರ ಕುದುರಿದಾಗ, ಇದು ಆ ಕಾರೇ ಅಲ್ಲ ಎಂದು ಕೊಳ್ಳುವವರು ಹಿಂಜರಿದರು. 1929ರ ಭಾಗಗಳು ಅದರಲ್ಲಿ ಅತ್ಯಲ್ಪವೆಂಬುದು ನಿಜವಾಗಿತ್ತು. ಆದರೂ ಕಾರಿನ ಚರಿತ್ರೆ ಎಲ್ಲೂ ಕಡಿಯದೆ ಸಾಗಿಬಂದಿದೆ, ಆದ್ದರಿಂದ ಇದು ಆ ಕಾರೇ ಎಂದು 1990ರಲ್ಲಿ ತೀರ್ಪಾಯಿತು. ಉಳಿದ ಭಾಗಗಳಿಗಿಂತ ಬದಲಾವಣೆಗಳ ಲೆಕ್ಕವೇ ಆ ಕಾರನ್ನು ಉಳಿಸಿತು.

ಹಾಗಾಗಿ ಜೀರ್ಣೋದ್ಧಾರಕ್ಕೆ ಹೊರಟವರು ಸ್ಪ್ಯಾನರ್ ಹಿಡಿಯುವ ಮೊದಲು ಕ್ಯಾಮೆರಾ ಹಿಡಿಯಬೇಕು. ಬಿಚ್ಚುವ ಮುನ್ನ ಪ್ರತಿ ಮೂಲೆಯ ಫೋಟೊ, ಬಿಚ್ಚಿದ ಪ್ರತಿ ತುಣುಕಿಗೆ ಚೀಟಿ, ಎಸೆಯಬೇಕಾದ ಹಳೆ ಭಾಗಕ್ಕೂ ಒಂದು ಡಬ್ಬಿ. ಹಾಕಿದ್ದು ಹೊಸತಾದರೆ ಹೊಸತೆಂದೇ ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಬೇಕು. ಮುಂದೊಂದು ದಿನ ಆ ಕಾರು ಬೇರೆಯವರ ಕೈಸೇರಿದಾಗ, ಕೀಲಿಯ ಜತೆ ಆ ಪುಸ್ತಕವೂ ಹೋಗಬೇಕು.