ಪರದೇಶದ ಕಿರುದಾರಿ, ಊರಿನ ಅಗಲದಾರಿ

ದಂಡಿನಶಿವರದ ಸುತ್ತಲ ತೆಂಗಿನ ಸೀಮೆಯಿಂದ ಬೆಂಗಳೂರು ಸೇರಿ ನಾಲ್ಕು ಕಾಸು ಕಂಡ ಮನೆಗಳಲ್ಲಿ ಹೊಸ ಹಂಬಲವೊಂದು ಕುದುರುತ್ತಿದೆ: ವಿದೇಶಕ್ಕೆ ಹೋಗಿ, ಬಾಡಿಗೆ ಕಾರು ಹಿಡಿದು, ಹಳೆಯ ಪಟ್ಟಣಗಳನ್ನೂ ಹಳ್ಳಿಗಾಡನ್ನೂ ತಾವೇ ಚಾಲನೆ ಮಾಡಿ ಸುತ್ತಿಬರುವುದು. ಅದರ ಸಿದ್ಧತೆ ಎಷ್ಟು ಶ್ರದ್ಧೆಯಿಂದ ನಡೆಯುತ್ತದೆಂಬುದನ್ನು ನೋಡಬೇಕು. ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬರುತ್ತದೆ. ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಸೀಮೆಯ ಓಣಿಗಳು ಇಕ್ಕಟ್ಟೆಂದು ಚಿಕ್ಕ ಕಾರನ್ನೇ ಕಾದಿರಿಸುತ್ತಾರೆ. ಇಟಲಿಯ ಹಳೆಯ ಪಟ್ಟಣಗಳ ನಡುಭಾಗಕ್ಕೆ ಅನುಮತಿಯಿಲ್ಲದ ವಾಹನ ನುಗ್ಗಿದರೆ ಕ್ಯಾಮೆರಾ ಹಿಡಿಯುತ್ತದೆ, ದಂಡದ ಕಾಗದ ತಿಂಗಳುಗಳ ಬಳಿಕವೂ ಮನೆ ಹುಡುಕಿಕೊಂಡು ಬರುತ್ತದೆ ಎಂದರಿತು, ಊರ ಹೊರಗೇ ಕಾರು ನಿಲ್ಲಿಸಿ ನಡೆಯಲು ಒಪ್ಪುತ್ತಾರೆ. ಈ ರಸ್ತೆಯನ್ನೇಕೆ ಅಗಲ ಮಾಡಿಲ್ಲವೆಂದು ಒಬ್ಬರೂ ಕೇಳುವುದಿಲ್ಲ. ಇಕ್ಕಟ್ಟನ್ನು ಚೆಲುವೆಂದು ನಂಬಿ, ಹಣ ತೆತ್ತು ನೋಡಲು ಹೊರಟವರಲ್ಲವೇ ಅವರು!

ಅವರೇ ಹಬ್ಬಕ್ಕೆ ಊರಿಗೆ ಬಂದಾಗ ಮಾತು ಬೇರೆ. ತುರುವೇಕೆರೆಯ ಕಡೆಯಿಂದ ಬರುವಾಗ ಹುಣಸೆಮರಗಳು ಅಡ್ಡ. ನಕಾಶೆ ಕಂಡ ಬಂಡಿದಾರಿಗೆ ಕಾಂಕ್ರೀಟು ಬೀಳಬೇಕು. ಗುಂಡುತೋಪು ಪಾಳುಬಿದ್ದ ಜಾಗ, ಬೋಳಿಸಿದರೆ ನಾಲ್ಕು ಕಾರು ನಿಲ್ಲುತ್ತವೆ.

ಪರದೇಶದ ಆ ಚೆಲುವು ತಾನಾಗಿ ಉಳಿದದ್ದಲ್ಲ. ಎರಡನೆಯ ಮಹಾಯುದ್ಧದ ನಂತರ ಇಂಗ್ಲೆಂಡಿನ ರೈತರು ಸರ್ಕಾರದ ಸಹಾಯಧನ ಪಡೆದೇ ಹೊಲದ ಜೀವಂತ ಬೇಲಿಗಳನ್ನು ಕಿತ್ತೆಸೆದರು. ಕಳೆದುಕೊಂಡದ್ದು ಅರಿವಾದ ಮೇಲೆ, 1997ರಲ್ಲಿ, ಹಳೆಯ ಬೇಲಿ ಕೀಳಲು ಅನುಮತಿ ಬೇಕೆಂಬ ನಿಯಮ ಬಂತು. ಕಾಟ್ಸ್‌ವೋಲ್ಡ್ಸ್‌ಗೆ 1966ರಲ್ಲೇ ರಕ್ಷಣೆ ದೊರೆತಿತ್ತು. ಫ್ರಾನ್ಸ್ ಕೂಡ ಕಾರುಗಳ ವೇಗಕ್ಕಾಗಿ ಸಾಲುಮರಗಳನ್ನು ಉರುಳಿಸಿ, 2016ರಲ್ಲಿ ಅವುಗಳ ರಕ್ಷಣೆಗೆ ಕಾನೂನು ಬರೆಯಿತು. ಅಂದರೆ ಅವರು ಪಶ್ಚಾತ್ತಾಪಪಟ್ಟು ಬಿಟ್ಟ ತಪ್ಪನ್ನು ಇಲ್ಲಿ ಅಭಿವೃದ್ಧಿಯೆಂಬ ಹೆಸರಿನಲ್ಲಿ ಆರಂಭಿಸಲಾಗುತ್ತಿದೆ.

ಕಾನೂನು ಇಲ್ಲಿಯೂ ಇದೆ. ಕರ್ನಾಟಕದ ವೃಕ್ಷ ಸಂರಕ್ಷಣಾ ಕಾಯ್ದೆ 1976ರದು. ಆದರೂ 2019ರಲ್ಲಿ, ಗುಬ್ಬಿ ಸೀಮೆಯಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕನವರು, ಹುಲಿಕಲ್–ಕುದೂರು ದಾರಿಯಲ್ಲಿ ತಾವೇ ನೀರೆರೆದು ಬೆಳೆಸಿದ ಆಲದ ಮರಗಳು ರಸ್ತೆ ವಿಸ್ತರಣೆಗೆ ಬಲಿಯಾಗದಂತೆ ಮುಖ್ಯಮಂತ್ರಿಯವರ ಬಳಿ ಹೋಗಿ ಕೇಳಿಕೊಳ್ಳಬೇಕಾಯಿತು. ಪದ್ಮಶ್ರೀ ಪಡೆದ ವರ್ಷವೇ ಅವರಿಗೆ ಆ ಗತಿ. ಪ್ರಶಸ್ತಿಯಿಲ್ಲದವರು ನೆಟ್ಟ ಹೊಂಗೆ, ಹುಣಸೆಗಳ ಪರವಾಗಿ ಯಾರು ಹೋಗುವರು?

ಐತಿಹಾಸಿಕ ಪಟ್ಟಣಗಳೇ ಬೇಕೆಂದರೆ ತುರುವೇಕೆರೆಯಲ್ಲೂ ನಾಗಲಾಪುರದಲ್ಲೂ ಹೊಯ್ಸಳರ ಗುಡಿಗಳಿವೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಗುಡಿಯ ಛಾವಣಿಯಲ್ಲಿ, ದಿಕ್ಪಾಲಕರ ನಡುವೆ ಕುಣಿಯುವ ಶಿವನಿದ್ದಾನೆ. ನೊಳಂಬರ ಕಾಲದ ಕೆಲಸ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಪಟ್ಟಿಯ ಹೊರಗುಳಿದ ಈ ಗುಡಿಗಳ ದಾರಿಯನ್ನು ಕೇಳುವವರು ವಿರಳ.

ಕೊಬ್ಬರಿಯ ಲಾರಿ, ಗರ್ಭಿಣಿಯನ್ನೊಯ್ಯುವ ಆಂಬ್ಯುಲೆನ್ಸ್ ಓಡುವುದು ಬೇಡವೇ ಎಂಬ ಪ್ರಶ್ನೆ ನ್ಯಾಯವಾದುದು. ಬೇಕು. ಅದಕ್ಕೆ ಗುಂಡಿಯಿಲ್ಲದ ರಸ್ತೆ ಬೇಕು, ನೂರು ವರ್ಷದ ಮರದ ತಲೆಯಲ್ಲ. ಸ್ಕಾಟ್ಲೆಂಡಿನ ಬೆಟ್ಟಸೀಮೆಯಲ್ಲಿ ಒಂದೇ ಗಾಡಿ ಹಿಡಿಸುವ ದಾರಿಗಳುಂಟು. ಅಲ್ಲಲ್ಲಿ ಪಕ್ಕಕ್ಕೆ ಸರಿಯಲು ತಾಣ ಬಿಟ್ಟಿದ್ದಾರೆ, ಎದುರಾದವರು ಅಲ್ಲಿ ಕಾಯುತ್ತಾರೆ. ರಜೆಯಲ್ಲಿ ಹಾಗೆ ಕಾದು ಕೈಬೀಸಿ ಬಂದವರಿಗೆ ದಂಡಿನಶಿವರದ ದಾರಿಯಲ್ಲಿ ಎರಡು ನಿಮಿಷ ಕಾಯುವುದೇಕೆ ಅವಮಾನ?

ಮಲೆನಾಡಿಗರಿಗೆ ಇದು ಬಯಲುಸೀಮೆಯ ಜಗಳವೆನಿಸಬಹುದು. ತಿಪಟೂರನ್ನು ಹಾದ ಕಾರುಗಳೇ ಮುಂದೆ ಚಾರ್ಮಾಡಿಯ ತಿರುವುಗಳಿಗೆ ಬಂದು, ಅಲ್ಲಿಯೂ ಅಗಲ ಕೇಳುತ್ತವೆ. 2019ರ ಆಗಸ್ಟ್ ಮಳೆಯಲ್ಲಿ ಆ ಘಾಟಿ ಕುಸಿದು ಸಂಚಾರವೇ ನಿಂತದ್ದನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ವಿದ್ಯಾರ್ಥಿಗಳು ಬರುವ ಬೇಸಿಗೆಯಲ್ಲಿ ಗ್ರಾಮ ನಕಾಶೆ ಹಿಡಿದು ತಮ್ಮ ಊರಿನ ದಾರಿಮರಗಳನ್ನು ಎಣಿಸಿ, ಪಟ್ಟಿಯನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಲಿ. ಅಳತೆಯ ಟೇಪು ಬರುವ ಮೊದಲೇ ಆ ಪಟ್ಟಿ ಪಂಚಾಯಿತಿಯಲ್ಲಿ ಇರಬೇಕು.