ಪಾಠ ಫೀಲ್ಡರ್‌ನ ಕೈಯಲ್ಲೇ ನಿಲ್ಲಬಾರದು

ಒಂಬತ್ತನೇ ತರಗತಿಯ ‘ಬಲ ಮತ್ತು ಚಲನೆಯ ನಿಯಮಗಳು’ ಘಟಕಕ್ಕೆ ನಾವು ಬರೆಯುವ ಪಾಠಯೋಜನೆಗಳಲ್ಲಿ ಒಂದು ಉದಾಹರಣೆ ಸಾಮಾನ್ಯ: ಕ್ಯಾಚ್ ಹಿಡಿಯುವ ಫೀಲ್ಡರ್ ಕೈಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ, ಚೆಂಡು ನಿಲ್ಲುವ ಸಮಯ ಹೆಚ್ಚುತ್ತದೆ, ಕೈಗೆ ಬೀಳುವ ಬಲ ಕಡಿಮೆಯಾಗುತ್ತದೆ. ಒಳ್ಳೆಯ ಉದಾಹರಣೆಯೇ. ಆದರೆ ಅದೇ ಮೈದಾನದಲ್ಲಿ ಇದೇ ನಿಯಮ ಪ್ರತಿ ಎಸೆತಕ್ಕೂ ವೇಗದ ಬೌಲರ್‌ನ ಮುಂಗಾಲಿನ ಮಂಡಿಯ ಮೇಲೆ ಕೆಲಸ ಮಾಡುತ್ತಿರುತ್ತದೆ. ಪಾಠವನ್ನು ಅಲ್ಲಿಗೂ ಒಯ್ಯಬೇಕೆಂಬುದು ನನ್ನ ಅಭಿಪ್ರಾಯ.

ಕಪ್ಪುಹಲಗೆಯ ಮೇಲೆ ಸರಳ ಲೆಕ್ಕವೊಂದನ್ನು ಮಾಡೋಣ. 40 ಕೆ.ಜಿ. ತೂಕದ ಮಗು ಓಡಿಬಂದು ಮುಂಗಾಲು ಊರಿದಾಗ ಅದರ ವೇಗ ಸೆಕೆಂಡಿಗೆ 2 ಮೀಟರ್‌ನಷ್ಟು ತಗ್ಗಿತೆನ್ನಿ. ಸಂವೇಗದ ಬದಲಾವಣೆ 80 ಕೆ.ಜಿ. ಮೀ/ಸೆ. ಇದು 0.1 ಸೆಕೆಂಡಿನಲ್ಲಿ ಆದರೆ ಸರಾಸರಿ ಬಲ 800 ನ್ಯೂಟನ್, 0.05 ಸೆಕೆಂಡಿನಲ್ಲಿ ಆದರೆ 1600. ಮಗುವಿನ ಸ್ವಂತ ತೂಕ ಸುಮಾರು 400 ನ್ಯೂಟನ್ ಮಾತ್ರ. ಮಂಡಿ ಸ್ವಲ್ಪ ಬಾಗಿದರೆ ಸಮಯ ಹೆಚ್ಚುತ್ತದೆ, ಪೆಟ್ಟು ತಗ್ಗುತ್ತದೆ. ನೆಟ್ಟಗೆ ನಿಂತರೆ ಓಟದ ವೇಗ ಚೆಂಡಿಗೆ ಚೆನ್ನಾಗಿ ದಾಟುತ್ತದೆ, ಆದರೆ ಪೆಟ್ಟೂ ಜೋರು. ಟಿವಿಯಲ್ಲಿ ಕಾಣುವ ನೇರ ಕಾಲನ್ನು ಅನುಕರಿಸುವ ಮಕ್ಕಳಿಗೆ ಈ ಎರಡನೆಯ ಭಾಗ ಗೊತ್ತಿರುವುದಿಲ್ಲ.

ಜೀವವಿಜ್ಞಾನವೂ ಇಲ್ಲಿದೆ. ಮಂಡಿ ಮುಖ್ಯವಾಗಿ ಬಿಜಾಗರಿಯಂಥ ಕೀಲು. ಮಡಚಿ ಬಿಚ್ಚುವುದು ಅದರ ಕೆಲಸ, ತಿರುಚುವುದಲ್ಲ. ಕಾಲು ಊರುವಾಗ ಸೊಂಟ, ಮಂಡಿ, ಪಾದ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿದ್ದರೆ ಭಾರ ಹಂಚಿಹೋಗುತ್ತದೆ. ಮಂಡಿ ಒಳಕ್ಕೆ ಕುಸಿದರೆ, ಪಾದ ಒಂದು ಕಡೆ, ಮೈ ಇನ್ನೊಂದು ಕಡೆ ತಿರುಗಿದರೆ, ಮಂಡಿಚಿಪ್ಪು ಮತ್ತು ಅಸ್ಥಿರಜ್ಜುಗಳ ಮೇಲೆ ಎಳೆತ ಬೀಳುತ್ತದೆ. ಬೆಳೆಯುವ ವಯಸ್ಸಿನಲ್ಲಿ ಮಂಡಿಚಿಪ್ಪಿನ ಕೆಳಗೆ, ಸ್ನಾಯುರಜ್ಜು ಮೂಳೆಗೆ ಅಂಟುವ ಜಾಗ ಇನ್ನೂ ಗಟ್ಟಿಯಾಗಿರುವುದಿಲ್ಲ. ಪದೇ ಪದೇ ಎಳೆದರೆ ಅಲ್ಲಿ ನೋವು, ಊತ ಬರುತ್ತದೆ. ವೈದ್ಯರು ಇದನ್ನು ಆಸ್‌ಗುಡ್-ಶ್ಲಾಟರ್ ಎನ್ನುತ್ತಾರೆ.

ಇದೆಲ್ಲ ದೈಹಿಕ ಶಿಕ್ಷಕರ ಕೆಲಸವಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಬೌಲಿಂಗ್ ಶೈಲಿ ತಿದ್ದುವುದು ಖಂಡಿತ ನಮ್ಮ ಕೆಲಸವಲ್ಲ. ರೋಗ ಗುರುತಿಸುವುದಂತೂ ಅಲ್ಲವೇ ಅಲ್ಲ. ಆದರೆ ಓವರ್‌ಗಳ ಲೆಕ್ಕ ಏಕೆ ಬೇಕು ಎಂಬುದನ್ನು ಅರ್ಥ ಮಾಡಿಸುವುದು ವಿಜ್ಞಾನದ ತರಗತಿಯ ಕೆಲಸ. ಇಂಗ್ಲೆಂಡ್ ಕ್ರಿಕೆಟ್ ಮಂಡಳಿ 13 ವರ್ಷದೊಳಗಿನ ವೇಗದ ಬೌಲರ್‌ಗಳಿಗೆ ಒಂದು ಸ್ಪೆಲ್‌ಗೆ 5, ದಿನಕ್ಕೆ 10 ಓವರ್‌ಗಳ ಮಿತಿ ಗೊತ್ತುಪಡಿಸಿತು. ನಮ್ಮ ಶಾಲಾ ಮೈದಾನದಲ್ಲಿ ಚೆನ್ನಾಗಿ ಬೌಲ್ ಮಾಡುವ ಮಗುವಿನ ಕೈಗೇ ಮತ್ತೆ ಮತ್ತೆ ಚೆಂಡು ಸಿಗುತ್ತದೆ.

2015ರ ವಿಶ್ವಕಪ್‌ನಲ್ಲಿ ಮೊಹಮ್ಮದ್ ಶಮಿ ಮಂಡಿನೋವಿನಲ್ಲೇ ಆಡಿ 17 ವಿಕೆಟ್ ಪಡೆದರು. ಬಳಿಕ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ನಾವು ಮಕ್ಕಳಿಗೆ ಮೊದಲರ್ಧವನ್ನಷ್ಟೇ ಹೇಳಿ ಹುರಿದುಂಬಿಸುತ್ತೇವೆ. ಶಮಿಯವರ ಹಿಂದೆ ವೈದ್ಯರ ತಂಡವಿತ್ತು. ಹಳ್ಳಿಯ ಶಾಲೆಯ ಮಗುವಿನ ಹಿಂದೆ ಇರುವವರು ನಾವು ಮಾತ್ರ.

ಆದ್ದರಿಂದ ಸಹಪ್ರಶಿಕ್ಷಣಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೆ. ಮುಂದಿನ ಬೋಧನಾಭ್ಯಾಸದಲ್ಲಿ ಈ ಘಟಕ ಬಂದರೆ, ಮೌಲ್ಯಮಾಪನದ ಹಂತದಲ್ಲಿ ಒಂದು ಪ್ರಶ್ನೆ ಸೇರಿಸಿ: “ಬೌಲರ್‌ನ ಮಂಡಿಗೆ ಬೀಳುವ ಬಲವನ್ನು ಹೇಗೆ ಕಡಿಮೆ ಮಾಡಬಹುದು?” ಉತ್ತರ ಹೇಳುವಾಗ ಯಾರಾದರೂ “ನನಗೂ ಅಲ್ಲೇ ನೋವು ಸಾರ್” ಎಂದರೆ, ಪಾಠ ಮುಗಿದ ಮೇಲೆ ದೈಹಿಕ ಶಿಕ್ಷಕರಿಗೂ ಮನೆಯವರಿಗೂ ಆ ಮಾತನ್ನು ಮುಟ್ಟಿಸಿ.