ಹಳೆಯ ಲೆನ್ಸ್ ಸಾಕು, ದಡ ದಾಟುವುದು ಬೇಡ
ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿನ ಜಾಲಿಮರಗಳಲ್ಲಿ ಗೂಡು ಕಟ್ಟುವ ಕೊಕ್ಕರೆಗಳ ಚಿತ್ರ ತೆಗೆಯಲು ದುಬಾರಿ ಲೆನ್ಸೇ ಬೇಕೆಂಬುದು ತಪ್ಪು ತಿಳಿವಳಿಕೆ. ನಾಲ್ವರು ವಿದ್ಯಾರ್ಥಿಗಳು ಸೇರಿ ಕೊಂಡ 70-300 ಮಿ.ಮೀ.ನ ಹಳೆಯ ಜೂಮ್ ಲೆನ್ಸ್ ಸಾಕು. ಕಂಪನ ತಡೆಯುವ ವ್ಯವಸ್ಥೆ ಅದರಲ್ಲಿಲ್ಲದಿದ್ದರೆ ಟ್ರೈಪಾಡ್ ಬಳಸಿ, ಷಟರ್ ವೇಗವನ್ನು 1/500 ಸೆಕೆಂಡಿಗೆ ಏರಿಸಬೇಕು. ಬೂಷ್ಟು ಹಿಡಿಯದಂತೆ ತೇವವಿಲ್ಲದ ಕಡೆ ಇಡಬೇಕು.

ಆದರೆ ಲೆನ್ಸಿಗೆ ಎಟುಕದ್ದನ್ನು ನಡೆದು ಹೋಗಿ ಹಿಡಿಯಬಾರದು. ಗೂಡಿನ ಬಳಿ ಹೋದರೆ ತಾಯಿಹಕ್ಕಿ ಹಾರುತ್ತದೆ. ಮರಿಗಳು ಬಿಸಿಲಿಗೂ ಕಾಗೆಗಳಿಗೂ ಈಡಾಗುತ್ತವೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಕರಡಿಗಳ ವಿಷಯದಲ್ಲಂತೂ ಅಪಾಯ ಮನುಷ್ಯನಿಗೂ ಉಂಟು. ಚಿತ್ರದಲ್ಲಿ ಹಕ್ಕಿ ಚಿಕ್ಕದಾಗಿ ಕಂಡರೆ ಕೆರೆಯೂ ಜೊತೆಗೆ ಕಾಣುತ್ತದೆ. ದಡ ದಾಟಿ ತೆಗೆದ ಗೂಡಿನ ಚಿತ್ರಗಳನ್ನು ನಮ್ಮ ಸ್ಪರ್ಧೆಗಳೂ ಪತ್ರಿಕೆಗಳೂ ಸ್ವೀಕರಿಸಬಾರದು.